ಒಂದೂವರೆ ಲಕ್ಷದ ಮಾತು

(ಬಂಗಾರಪೇಟೆಯ ಸಭೆಯೊಂದರಲ್ಲಿ ಮಿಲ್ಲಿನ ಕೆಲಸಗಾರರು ಮತ್ತು ಪೇಟೆಯ ಸಣ್ಣ ವ್ಯಾಪಾರಿಗಳ ಮುಂದೆ ಮಾಡಿದ ಭಾಷಣದ ಪಾಠ)



ಫ್ರಾನ್ಸ್ ದೇಶದ ಒಬ್ಬ ಸಂಗೀತಗಾರ ತನ್ನ ಆತ್ಮಕಥೆಯಲ್ಲಿ ಅದೇ ದೇಶದ ಒಬ್ಬ ಕಾದಂಬರಿಕಾರನ ಮಾತೊಂದನ್ನು ಬರೆದಿಟ್ಟಿದ್ದಾನೆ. ಅದೇ ಇವತ್ತಿನ ನಮ್ಮ ವಿಷಯ. ಹೊಟ್ಟೆಪಾಡಿನ ಸಭೆಯಲ್ಲಿ ಇದೇನು ಪುಸ್ತಕದ ಮಾತು, ಮೇಷ್ಟರಿಗೆ ಹಳೆಯ ಚಾಳಿ ಬಿಟ್ಟಿಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಬಿಟ್ಟಿಲ್ಲ ಎಂಬುದು ನಿಜವೇ. ಆದರೆ ಆ ಮಾತು ಹಣದ ಮಾತು, ಸಾಲದ ಮಾತು, ಕೈಗೆ ಸಿಕ್ಕದ ಐಶ್ವರ್ಯದ ಮಾತು. ಚಿನ್ನದ ಗಣಿಗೆ ಹತ್ತು ಮೈಲಿ ದೂರದ ಈ ಊರಿನಲ್ಲಿ ಅದನ್ನು ಕೇಳದಿದ್ದರೆ ಇನ್ನೆಲ್ಲಿ ಕೇಳುವುದು?

ಸಂಗೀತಗಾರನ ಹೆಸರು ಹೆಕ್ಟರ್ ಬರ್ಲಿಯೋಜ್. 1803ರಲ್ಲಿ ಹುಟ್ಟಿದ, 1869ರಲ್ಲಿ ತೀರಿಕೊಂಡ. ತಂದೆ ವೈದ್ಯ. ಮಗನೂ ವೈದ್ಯನಾಗಲಿ ಎಂದು ಪ್ಯಾರಿಸಿಗೆ ಓದಲು ಕಳಿಸಿದರು. ಮಗ ಹೆಣ ಕೊಯ್ಯುವ ಕೋಣೆಯಿಂದ ಓಡಿಬಂದು ಸಂಗೀತ ಹಿಡಿದ. ಅವರ ಸಂಗೀತಕ್ಕೂ ನಮ್ಮದಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಮೊದಲು ತಿಳಿಯಬೇಕು. ನಮ್ಮಲ್ಲಿ ವಿದ್ವಾಂಸರು ವೇದಿಕೆಯ ಮೇಲೆ ಕೂತರೆ ಪಕ್ಕವಾದ್ಯದವರು ಇಬ್ಬರು ಮೂವರು ಇದ್ದರೆ ಕಚೇರಿ ನಡೆಯುತ್ತದೆ. ಬರ್ಲಿಯೋಜನ ಸಂಗೀತಕ್ಕೆ ನೂರಾರು ಜನ ಬೇಕು. ಒಬ್ಬೊಬ್ಬ ವಾದ್ಯಗಾರನ ಮುಂದೆಯೂ ಅವನು ಬಾರಿಸಬೇಕಾದ ಸ್ವರಗಳನ್ನು ಕೈಯಲ್ಲಿ ನಕಲು ಮಾಡಿದ ಹಾಳೆ ಇರಬೇಕು. ನಕಲು ಮಾಡಿದವನಿಗೆ ಕೂಲಿ, ಬಾರಿಸಿದವನಿಗೆ ಕೂಲಿ, ಹಾಡಿದವನಿಗೆ ಕೂಲಿ, ಭವನಕ್ಕೆ ಬಾಡಿಗೆ. ಒಂದು ಸಣ್ಣ ಕಾರ್ಖಾನೆ ನಡೆಸಿದ ಹಾಗೆ. ಟಿಕೆಟ್ ಮಾರಾಟವಾಗದಿದ್ದರೆ ಆ ಕಾರ್ಖಾನೆಯ ನಷ್ಟವೆಲ್ಲ ಸಂಗೀತ ಬರೆದವನ ತಲೆಗೆ.

ಹಾಗೆಯೇ ಆಯಿತು. 1846ರ ಡಿಸೆಂಬರ್ 6 ಮತ್ತು 20ರಂದು ಪ್ಯಾರಿಸಿನಲ್ಲಿ ಬರ್ಲಿಯೋಜ್ ಫೌಸ್ಟನ ಕಥೆಯ ಮೇಲೆ ತಾನು ಬರೆದ ದೊಡ್ಡ ಕೃತಿಯನ್ನು ಸ್ವಂತ ಖರ್ಚಿನಲ್ಲಿ ನುಡಿಸಿದ. ಇವತ್ತು ಅದು ಜಗತ್ತಿನ ದೊಡ್ಡ ದೊಡ್ಡ ಭವನಗಳಲ್ಲಿ ನಡೆಯುತ್ತದೆ. ಆ ಎರಡು ದಿನ ಅರ್ಧ ಕುರ್ಚಿ ಖಾಲಿ. ಸಾಲ ಕುತ್ತಿಗೆಗೆ ಬಂತು. ರಷ್ಯಾಕ್ಕೆ ಹೋಗಿ ಕಚೇರಿ ಮಾಡಿದರೆ ಸಾಲ ತೀರಬಹುದು ಎಂದು ತೋರಿತು. ಆದರೆ ರಷ್ಯಾಕ್ಕೆ ಹೋಗಲೂ ಹಣ ಬೇಕಲ್ಲ! ಸ್ನೇಹಿತರು ಕೈಲಾದಷ್ಟು ಕೊಟ್ಟರು. ಕೊಟ್ಟವರಲ್ಲಿ ಅಡಾಲ್ಫ್ ಸ್ಯಾಕ್ಸ್ ಒಬ್ಬ. ನಮ್ಮ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಸ್ಯಾಕ್ಸೊಫೋನ್ ವಾದ್ಯವನ್ನು ಮೊದಲು ಮಾಡಿದ ಕುಶಲಕರ್ಮಿ ಈತನೇ. ಆತನಿಗೂ ಸಾಲಗಾರರ ಕಾಟ ಇದ್ದೇ ಇತ್ತು, ಆದರೂ ಕೊಟ್ಟ.

ಹೊರಡುವ ಮೊದಲು ಬರ್ಲಿಯೋಜನಿಗೆ ಕಾದಂಬರಿಕಾರ ಬಾಲ್ಜಾಕ್ ಸಿಕ್ಕಿದ. ಬಾಲ್ಜಾಕ್ 1843ರಲ್ಲಿ ರಷ್ಯಾ ನೋಡಿ ಬಂದಿದ್ದವನು. ಅಲ್ಲಿಂದ ನೀನು ಒಂದೂವರೆ ಲಕ್ಷ ಫ್ರಾಂಕ್ ತರುತ್ತೀಯ, ಆ ದೇಶ ನನಗೆ ಗೊತ್ತು, ಅದಕ್ಕಿಂತ ಕಡಿಮೆ ತರಲು ಸಾಧ್ಯವೇ ಇಲ್ಲ, ಎಂಬರ್ಥದಲ್ಲಿ ಆತ ಆಣೆ ಇಟ್ಟಂತೆ ಹೇಳಿದ. ಬರ್ಲಿಯೋಜ್ ಇದನ್ನು ಆತ್ಮಕಥೆಯಲ್ಲಿ ದಾಖಲು ಮಾಡಿದ್ದಾನೆ. ಮಾಡಿ, ಈ ದೊಡ್ಡ ಬುದ್ಧಿವಂತನಿಗೆ ಎಲ್ಲಿ ನೋಡಿದರೂ ಐಶ್ವರ್ಯವೇ ಕಾಣುವ ದೌರ್ಬಲ್ಯವಿತ್ತು, ಜೀವಮಾನವೆಲ್ಲ ಮೋಸಹೋದರೂ ಆ ಬಿಸಿಲುಗುದುರೆಯ ಹಿಂದೆ ಓಡುವುದನ್ನು ಬಿಡಲಿಲ್ಲ ಎಂದೂ ಸೇರಿಸಿದ್ದಾನೆ. ಹಗೆಯಿಂದ ಬರೆದ ಮಾತಲ್ಲ, ಸ್ನೇಹಿತನ ಮಾತು.

ಒಂದೂವರೆ ಲಕ್ಷ ಎಂದರೆ ಎಷ್ಟು? ಲೆಕ್ಕ ಹಾಕೋಣ. ಆ ಕಾಲದ ಪ್ಯಾರಿಸಿನಲ್ಲಿ ಗಂಡಾಳಿನ ದಿನಗೂಲಿ ಮೂರು ನಾಲ್ಕು ಫ್ರಾಂಕ್. ನಾಲ್ಕೆಂದೇ ಹಿಡಿಯಿರಿ. ಒಂದೂವರೆ ಲಕ್ಷ ಸೇರಬೇಕಾದರೆ ಆತ 37,500 ದಿನ ದುಡಿಯಬೇಕು. ವರ್ಷಕ್ಕೆ 300 ದಿನದ ಕೆಲಸವೆಂದರೆ 125 ವರ್ಷ, ಅದೂ ಒಂದು ತುತ್ತು ತಿನ್ನದೆ. ಬಾಲ್ಜಾಕನ ಬಾಯಿಯಿಂದ ಆ ಮೊತ್ತ ಒಂದು ಉಸಿರಿನಲ್ಲಿ ಬಂತು. ದೊಡ್ಡ ಅಂಕಿಗೆ ಇರುವ ಗುಣವೇ ಅದು. ಹೇಳುವವನಿಗೆ ಭಾರವಿಲ್ಲ.

ಈ ಬಾಲ್ಜಾಕ್ ಸಾಮಾನ್ಯನಲ್ಲ ಎಂಬುದನ್ನು ವ್ಯಾಪಾರಿ ಮಿತ್ರರು ವಿಶೇಷವಾಗಿ ತಿಳಿಯಬೇಕು. ಅಂಗಡಿಯವನ ಗಲ್ಲಾಪೆಟ್ಟಿಗೆ, ಬಡ್ಡಿಯವನ ಪುಸ್ತಕ, ನೋಟರಿಯ ಕಾಗದ, ಮಗಳ ಮದುವೆಯ ಹಣ, ಇವುಗಳನ್ನು ಕಾದಂಬರಿಯ ಒಳಕ್ಕೆ ಅಷ್ಟು ಕೂಲಂಕಷವಾಗಿ ತಂದವರು ಆತನಿಗಿಂತ ಮೊದಲು ಇರಲಿಲ್ಲ. ಫ್ರಾನ್ಸಿನ ಆರ್ಥಿಕ ವಿವರಗಳನ್ನು ಪಂಡಿತರಿಗಿಂತ ಬಾಲ್ಜಾಕನಿಂದ ಹೆಚ್ಚು ಕಲಿತೆನೆಂದು 1888ರ ಕಾಗದವೊಂದರಲ್ಲಿ ಏಂಗೆಲ್ಸ್ ಬರೆದ. 1837ರಲ್ಲಿ ಬಂದ ಒಂದು ಕಾದಂಬರಿಯಲ್ಲಿ ಸೀಸರ್ ಬಿರೊಟೊ ಎಂಬ ಸುಗಂಧದ್ರವ್ಯದ ವ್ಯಾಪಾರಿ ಬರುತ್ತಾನೆ. ಹಳ್ಳಿಯಿಂದ ಬಂದು ಪ್ರಾಮಾಣಿಕವಾಗಿ ಅಂಗಡಿ ಕಟ್ಟಿದವನು. ಊರು ಬೆಳೆಯುತ್ತಿದೆ, ಅಂಚಿನ ಜಮೀನು ಹಿಡಿದರೆ ಒಂದಕ್ಕೆ ನಾಲ್ಕು ಎಂದು ಯಾರೋ ಕಿವಿಯಲ್ಲಿ ಊದುತ್ತಾರೆ. ಹಣ ಹಾಕುತ್ತಾನೆ. ಹಣ ಇಟ್ಟುಕೊಂಡಿದ್ದ ನೋಟರಿ ರಾತ್ರೋರಾತ್ರಿ ಪರಾರಿಯಾಗುತ್ತಾನೆ. ಅಂಗಡಿ ದಿವಾಳಿ. ಆಮೇಲೆ ಆ ಮನುಷ್ಯ ಗುಮಾಸ್ತನಾಗಿ ದುಡಿದು, ಹೆಂಡತಿ ಮಗಳನ್ನೂ ದುಡಿಮೆಗೆ ಹಾಕಿ, ಎಲ್ಲರ ಸಾಲವನ್ನೂ ಪೂರ್ತಿ ತೀರಿಸಿ, ಮಾನ ಮರಳಿ ಬಂದ ದಿನವೇ ಸಾಯುತ್ತಾನೆ. ಇವತ್ತು ನಮ್ಮ ಪೇಟೆಯಲ್ಲಿ ಸೈಟು, ಚೀಟಿ, ದುಪ್ಪಟ್ಟು ಬಡ್ಡಿ ಎಂದು ಹಣ ಕಟ್ಟಿ ಕೈಸುಟ್ಟುಕೊಂಡವರು ಈ ಕಥೆ ಓದಿದರೆ ತಮ್ಮ ಬೀದಿಯದೇ ಎನ್ನುವರು.

ಇಷ್ಟು ಬಲ್ಲವನು ತಾನು ಏನು ಮಾಡಿದ? ಕಾದಂಬರಿಕಾರನೆಂದು ಹೆಸರು ಬರುವ ಮೊದಲೇ, 1826ರಿಂದ 1828ರವರೆಗೆ, ಮುದ್ರಣಾಲಯ ಮತ್ತು ಅಚ್ಚಿನ ಮೊಳೆ ಎರಕಹೊಯ್ಯುವ ಕಾರ್ಖಾನೆ ನಡೆಸಿ ಸುಮಾರು 60 ಸಾವಿರ ಫ್ರಾಂಕ್ ಸಾಲ ಮಾಡಿಕೊಂಡ. ಅದರಲ್ಲಿ ಬಹುಪಾಲು ತಾಯಿಯ ಹಣ. ಆಮೇಲೆ ಪ್ಯಾರಿಸಿನ ಹೊರಗೆ ಅನಾನಸು ಬೆಳೆದು ಲಕ್ಷಾಂತರ ಗಳಿಸುವ ಯೋಜನೆ ಹಾಕಿದ. 1840ರಲ್ಲಿ ಸಾಲಗಾರರಿಂದ ತಪ್ಪಿಸಿಕೊಳ್ಳಲು ಬೇರೆ ಹೆಸರಿನಲ್ಲಿ ಬಾಡಿಗೆಗೆ ಮನೆ ಹಿಡಿದ. ರಾತ್ರಿಯೆಲ್ಲ ಕಾಫಿ ಕುಡಿದು ಬರೆಯುತ್ತಿದ್ದ, ಬರೆದದ್ದು ಬಡ್ಡಿಗೆ ಹೋಗುತ್ತಿತ್ತು.

ಇವುಗಳ ನಡುವೆ ಒಂದು ಯೋಜನೆ ಮಾತ್ರ ನಮ್ಮ ಸೀಮೆಯವರು ಕಿವಿಗೊಟ್ಟು ಕೇಳಬೇಕಾದದ್ದು. ಸಾರ್ಡಿನಿಯಾ ಎಂಬ ದ್ವೀಪದಲ್ಲಿ ಪ್ರಾಚೀನ ರೋಮನರು ಅಗೆದುಬಿಟ್ಟ ಗಣಿಗಳಿದ್ದವು. ಅದುರು ಕರಗಿಸಿ ಅವರು ಎಸೆದ ಕಿಟ್ಟದ ರಾಶಿಗಳು ದಿಬ್ಬದ ಹಾಗೆ ಬಿದ್ದಿದ್ದವು. ಅವರ ವಿದ್ಯೆ ಹಳೆಯದು, ಬೆಳ್ಳಿಯನ್ನೆಲ್ಲ ತೆಗೆದಿರಲಾರರು, ಹೊಸ ರಸಾಯನ ವಿದ್ಯೆಯಿಂದ ಆ ಕಿಟ್ಟದಿಂದಲೇ ಬೆಳ್ಳಿ ಎತ್ತಬಹುದು ಎಂದು ಬಾಲ್ಜಾಕನಿಗೆ ಹೊಳೆಯಿತು. 1837ರಲ್ಲಿ ಜಿನೋವಾದ ಒಬ್ಬ ವರ್ತಕನಿಗೆ ಈ ವಿಚಾರ ಹೇಳಿ ಮಾದರಿ ಕಳಿಸಲು ಕೇಳಿಕೊಂಡ. ಮಾದರಿ ಬರಲಿಲ್ಲ. 1838ರಲ್ಲಿ ಸಾಲ ಮಾಡಿ ತಾನೇ ಹೊರಟ. ಕಡಲು ದಾಟಿ, ಕುದುರೆಯ ಮೇಲೆ ಕಾಡುಮೇಡು ಅಲೆದು ಹೋಗಿ ನೋಡಿದರೆ, ಆ ವರ್ತಕ ಮಾರ್ಸೇಲ್ಸಿನ ಕಂಪನಿಯೊಂದಿಗೆ ಸೇರಿ ಸರ್ಕಾರದಿಂದ ಹಕ್ಕುಪತ್ರ ಮಾಡಿಸಿಕೊಂಡಾಗಿತ್ತು. ಗಮನಿಸಿ, ಬಾಲ್ಜಾಕನ ಊಹೆ ಸುಳ್ಳಲ್ಲ. ಲೋಹ ಅಲ್ಲಿತ್ತು. ಅದು ಕಂಡವನಿಗೆ ಸಿಗಲಿಲ್ಲ, ಕಾಗದ ಮಾಡಿಸಿಕೊಂಡವನಿಗೆ ಸಿಕ್ಕಿತು.

ಈ ಕಥೆ ನಮ್ಮ ಕಿವಿಗೆ ಹೊಸದೇ? ಮಾರಿಕುಪ್ಪದ ಕಡೆ ಹಳ್ಳಿಯ ಜನ ಕಲ್ಲು ಕುಟ್ಟಿ, ತೊಳೆದು, ಚಿನ್ನ ತೆಗೆಯುವುದನ್ನು 1802ರಲ್ಲಿ ಲೆಫ್ಟಿನೆಂಟ್ ವಾರನ್ ಎಂಬ ಅಧಿಕಾರಿ ನೋಡಿ ಬರೆದ. ಆ ಜನರಿಗೆ ಭೂಗರ್ಭಶಾಸ್ತ್ರದ ಪುಸ್ತಕವಿರಲಿಲ್ಲ, ಆದರೆ ಚಿನ್ನ ಎಲ್ಲಿದೆ ಎಂಬುದು ಗೊತ್ತಿತ್ತು. ಅವರ ಹಿರಿಯರು ತೋಡಿಬಿಟ್ಟ ಗುಂಡಿಗಳೇ ಮುಂದಿನವರಿಗೆ ನಕ್ಷೆಯಾದವು. 1873ರಲ್ಲಿ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಅಗೆಯುವ ಅನುಮತಿ ಕೇಳಿದ. ಹಕ್ಕು ಕೈಯಿಂದ ಕೈಗೆ ದಾಟಿ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿಗೆ ಬಂತು. ಮೊದಮೊದಲು ಹಣವೆಲ್ಲ ಕರಗಿ, ಷೇರುದಾರರು ಅಂಗಡಿ ಮುಚ್ಚೋಣ ಎನ್ನುವ ಸ್ಥಿತಿಗೆ ಬಂದಿದ್ದರು. 1883ರ ಸುಮಾರಿಗೆ ಹಳೆಯವರ ಗುಂಡಿಗಳ ಅಡಿಯಲ್ಲೇ ಅಗೆದಾಗ ಚಾಂಪಿಯನ್ ಪದರು ಸಿಕ್ಕಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ತು ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಚಾಂಪಿಯನ್ ರೀಫಿನಲ್ಲಿ ಮನುಷ್ಯರು ಹತ್ತು ಸಾವಿರ ಅಡಿಗೂ ಆಳಕ್ಕೆ ಇಳಿದರು. ಎಲ್ಲ ಸೇರಿ ಸುಮಾರು 800 ಟನ್ ಚಿನ್ನ ಮೇಲೆ ಬಂತು.

ಬಾಲ್ಜಾಕನ ಒಂದೂವರೆ ಲಕ್ಷಕ್ಕೆ ಒಬ್ಬ ಕೂಲಿಯವನು 125 ವರ್ಷ ದುಡಿಯಬೇಕು ಎಂದೆವಲ್ಲ, ನಮ್ಮ ಗಣಿ ನಡೆದದ್ದೂ ಹೆಚ್ಚು ಕಡಿಮೆ ಅಷ್ಟೇ ವರ್ಷ. ಅಜ್ಜ, ಮಗ, ಮೊಮ್ಮಗ, ಮರಿಮಗ ಇಳಿದರು. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ, ಸುತ್ತಲಿನ ಹಳ್ಳಿಗಳಿಂದ ಬಂದ ದಲಿತ ಕುಟುಂಬಗಳೇ ಹೆಚ್ಚು. ಬಂಡೆ ಸಿಡಿದು ಸತ್ತವರುಂಟು, ಕಲ್ಲುಪುಡಿ ಎದೆಯಲ್ಲಿ ಕೂತು ಸತ್ತವರುಂಟು. ಚಿನ್ನದ ಕನಸು ಮಾರಿದ ಲಂಡನ್ನಿನ ದಲ್ಲಾಳಿಯ ಜೇಬನ್ನು ಯಾರೂ ತಡವಿ ನೋಡಲಿಲ್ಲ, ಪಾಳಿ ಮುಗಿಸಿ ಮೇಲೆ ಬಂದವನ ಮೈಯನ್ನು ತಡವಿ ನೋಡುತ್ತಿದ್ದರು. 1930ರಲ್ಲಿ ಕೆಲಸಗಾರರೆಲ್ಲ ಬೆರಳಚ್ಚು ಕೊಡಬೇಕೆಂದಾಗ, ನಾವು ಕಳ್ಳರಲ್ಲ ಎಂದು ಮುಷ್ಕರ ಹೂಡಿದರು. ಆ ಮುಷ್ಕರ ಹಣದ ಪ್ರಶ್ನೆಗಿಂತ ಮೊದಲು ಮಾನದ ಪ್ರಶ್ನೆಯಾಗಿತ್ತು. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದೀಚೆಗೆ ಆ ಮನೆಗಳ ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ, ರಾತ್ರಿಗೆ ಮನೆ ಸೇರುತ್ತಾರೆ.

ಉಳಿದಿರುವುದು ಸೈನೈಡ್ ಗುಡ್ಡಗಳು. ಅದುರನ್ನು ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಎಸೆದ ಮಣ್ಣು. ಇಂಥ 13 ದಿಬ್ಬಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಇದೆಯೆಂಬುದು ಅಂದಾಜು. ಗಾಳಿ ಎದ್ದರೆ ಆ ಧೂಳು ಊರಿನವರ ಅನ್ನದ ತಟ್ಟೆಗೇ ಬೀಳುತ್ತದೆ. ಅದರಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಾರ್ಡಿನಿಯಾದ ಕಿಟ್ಟದ ಕಥೆಯೇ ನಮ್ಮ ಹಿತ್ತಲಿಗೆ ಬಂದ ಹಾಗಾಯಿತು. ಚಿನ್ನ ಇದೆಯೇ ಇಲ್ಲವೇ ಎಂದು ನಾವು ಇಲ್ಲಿ ಜಗಳ ಮಾಡಬೇಕಾಗಿಲ್ಲ, ಇದೆ. ಕೆಲಸ ಯಾರಿಗೆ, ಧೂಳು ಯಾರಿಗೆ, ಲಾಭದ ಪಾಲು ಯಾರಿಗೆ, ಹಕ್ಕುಪತ್ರದಲ್ಲಿ ಹೆಸರು ಯಾರದು ಎಂಬುದನ್ನು ಮೊದಲೇ ಕೇಳಬೇಕು. ಬಾಲ್ಜಾಕ್ ಅದನ್ನು ಕೇಳದೆ ಹೋಗಿ ಬರಿಗೈಯಲ್ಲಿ ಬಂದ.

ಇನ್ನು ನಮ್ಮ ಸಂಗೀತಗಾರನ ರಷ್ಯಾ ಪ್ರವಾಸ ಏನಾಯಿತು ನೋಡೋಣ. 1847ರ ಫೆಬ್ರವರಿಯಲ್ಲಿ, ಹಿಮ ಬೀಳುವ ಕಾಲದಲ್ಲಿ, ಬರ್ಲಿಯೋಜ್ ಹೊರಟ. ಮಾರ್ಚಿಯಲ್ಲಿ ಪೀಟರ್ಸ್‌ಬರ್ಗಿನಲ್ಲಿ ಮೊದಲ ಕಚೇರಿ. ಜನ ಕಿಕ್ಕಿರಿದರು. ಆ ರಾತ್ರಿಯ ಜಮಾಖರ್ಚನ್ನು ಆತ್ಮಕಥೆಯಲ್ಲೇ ಕೊಟ್ಟಿದ್ದಾನೆ. ಬಂದದ್ದು 18 ಸಾವಿರ ಫ್ರಾಂಕ್, ಖರ್ಚು 6 ಸಾವಿರ, ಕೈಗೆ ಉಳಿದದ್ದು 12 ಸಾವಿರ. ಬದುಕಿದೆ ಎಂದು ಉಸಿರುಬಿಟ್ಟ. ಮುಂದೆ ಇನ್ನೂ ಕಚೇರಿಗಳಾದವು, ಆದರೂ ಗಳಿಕೆ ಒಂದೂವರೆ ಲಕ್ಷದ ಹತ್ತಿರಕ್ಕೂ ಹೋಗಲಿಲ್ಲ. ಹೇಳಿದ್ದೆಷ್ಟು, ಬಂದದ್ದೆಷ್ಟು ಎರಡೂ ಒಂದೇ ಪುಸ್ತಕದಲ್ಲಿವೆ. ಸಂಗೀತಗಾರನ ಆತ್ಮಕಥೆಯಲ್ಲಿ ಸನ್ಮಾನ, ಹಾರ, ಚಪ್ಪಾಳೆ ಇರುವುದು ಸಹಜ. ಖರ್ಚಿನ ಕಾಲಮನ್ನೂ ಬರೆದಿರುವುದು ಅಪರೂಪ.

ಅದೇ ವರ್ಷದ ಕೊನೆಗೆ ಲಂಡನ್ನಿನಲ್ಲಿ ಜೂಲಿಯೆನ್ ಎಂಬ ನಾಟಕಶಾಲೆಯ ಗುತ್ತಿಗೆದಾರ ಬರ್ಲಿಯೋಜನನ್ನು ಒಳ್ಳೆಯ ಸಂಬಳಕ್ಕೆ ಗೊತ್ತುಮಾಡಿಕೊಂಡ. ಆತನೂ ಐಶ್ವರ್ಯದ ಕನಸಿನವನೇ. 1848ರಲ್ಲಿ ದಿವಾಳಿ ಎದ್ದ. ಬರ್ಲಿಯೋಜನ ಸಂಬಳದಲ್ಲಿ ಬಹುಪಾಲು ಬರಲೇ ಇಲ್ಲ. ಯಜಮಾನ ಮುಳುಗಿದಾಗ ಮೊದಲು ನಿಲ್ಲುವುದು ಬಟವಾಡೆ ಎಂಬುದನ್ನು ಮಿಲ್ಲು ಮುಚ್ಚಿದ್ದನ್ನು ಕಂಡ ನಿಮಗೆ ನಾವು ಹೇಳಬೇಕೆ? ಹೀಗೆ ಸಂಬಳ ಸಿಗದೆ ಪರದೇಶದಲ್ಲಿ ಕೂತಿದ್ದ ದಿನಗಳಲ್ಲೇ, 1848ರ ಮಾರ್ಚಿಯಲ್ಲಿ, ಆತ ಈ ಆತ್ಮಕಥೆ ಬರೆಯಲು ತೊಡಗಿದ. 1865ರಲ್ಲಿ ಅಚ್ಚು ಹಾಕಿಸಿ ಪ್ರತಿಗಳನ್ನು ಇಟ್ಟುಕೊಂಡ. ಪುಸ್ತಕ ಮಾರಾಟಕ್ಕೆ ಬಂದದ್ದು ಆತ ಸತ್ತ ಮರುವರ್ಷ, 1870ರಲ್ಲಿ.

ಆ ಪುಸ್ತಕದಲ್ಲಿ ಇನ್ನೊಂದು ಲೆಕ್ಕವಿದೆ. ಅದನ್ನು ಓದಿದಾಗ ನಮಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಒಂದು ರಾತ್ರಿ ಬರ್ಲಿಯೋಜನಿಗೆ ಕನಸಿನಲ್ಲಿ ಹೊಸ ಕೃತಿಯೊಂದು ಕೇಳಿಸುತ್ತದೆ. ಎದ್ದಾಗ ಮೊದಲ ಭಾಗ ಹೆಚ್ಚುಕಡಿಮೆ ಪೂರ್ತಿ ನೆನಪಿದೆ. ಬರೆಯಲೆಂದು ಮೇಜಿನ ಹತ್ತಿರ ಹೋಗುತ್ತಾನೆ. ಹೋದವನು ನಿಂತು ಯೋಚಿಸುತ್ತಾನೆ. ಈ ಭಾಗ ಬರೆದರೆ ಉಳಿದದ್ದನ್ನೂ ಬರೆಯದೆ ಇರಲಾರೆ, ಮೂರು ನಾಲ್ಕು ತಿಂಗಳು ಹೋಗುತ್ತದೆ. ಅಷ್ಟು ದಿನ ಪತ್ರಿಕೆಗೆ ಬರೆಯಲಾಗದು, ಪತ್ರಿಕೆಯ ಹಣ ನಿಲ್ಲುತ್ತದೆ. ಆಮೇಲೆ ನಕಲು ಮಾಡಿಸಲು ಸಾವಿರ ಸಾವಿರದಿನ್ನೂರು ಫ್ರಾಂಕ್. ನಕಲಾದ ಮೇಲೆ ಕೇಳಬೇಕೆನ್ನುವ ಆಸೆ ಬಿಡುತ್ತದೆಯೇ? ಕಚೇರಿ ಮಾಡಿದರೆ ಖರ್ಚಿನಲ್ಲಿ ಅರ್ಧವೂ ಹುಟ್ಟದು. ಹೆಂಡತಿ ಕಾಯಿಲೆ ಬಿದ್ದಿದ್ದಾಳೆ, ಮಗ ಹಡಗಿನ ಕೆಲಸದಲ್ಲಿದ್ದಾನೆ, ಅವನಿಗೂ ಹಣ ಕಳಿಸಬೇಕು. ಲೇಖನಿ ಕೆಳಗಿಟ್ಟ. ಮರುರಾತ್ರಿ ಅದೇ ಸಂಗೀತ ಮತ್ತೆ ಬಂತು. ಮತ್ತೆ ಮನಸ್ಸು ಗಟ್ಟಿ ಮಾಡಿಕೊಂಡು ಮಲಗಿದ. ಬೆಳಿಗ್ಗೆ ಏಳುವ ಹೊತ್ತಿಗೆ ಅದು ಮರೆತುಹೋಗಿತ್ತು, ಶಾಶ್ವತವಾಗಿ.

ಬಂಧುಗಳೇ, ಇಬ್ಬರು ಸ್ನೇಹಿತರು, ಎರಡು ಕನಸು. ಬಾಲ್ಜಾಕನ ಕನಸಿಗೆ ಖರ್ಚಿನ ಕಾಲಂ ಇರಲಿಲ್ಲ, ಆದ್ದರಿಂದ ಅದು ತಾಯಿಯ ಹಣವನ್ನೂ ನುಂಗಿತು. ಬರ್ಲಿಯೋಜನ ಕನಸಿಗೆ ಖರ್ಚಿನ ಕಾಲಂ ಬಿಟ್ಟು ಬೇರೇನೂ ಉಳಿಯಲಿಲ್ಲ, ಆದ್ದರಿಂದ ಅದು ಹುಟ್ಟುವ ಮೊದಲೇ ಸತ್ತಿತು. ಲೆಕ್ಕವಿಲ್ಲದ ಆಸೆ ಮನೆ ಮುರಿಯುತ್ತದೆ. ಆದರೆ ಬಡವನ ಲೆಕ್ಕವೊಂದನ್ನೇ ನೆಚ್ಚಿಕೊಂಡರೆ ಮನುಷ್ಯನ ಒಳ್ಳೆಯದೆಲ್ಲ ಒಳಗೇ ಒಣಗುತ್ತದೆ. ಗಣಿಯ ಲೈನುಮನೆಗಳಲ್ಲಿ, ಮಿಲ್ಲಿನ ವಠಾರಗಳಲ್ಲಿ, ಹೀಗೆ ಮೇಜಿನ ತನಕ ಹೋಗಿ ಹಿಂದಿರುಗಿದ ಹಾಡು, ಓದು, ಕೈಕೆಲಸ ಎಷ್ಟಿರಬಹುದು? ತಬಲೆ ಕಲಿಯಬೇಕೆಂದವನು ಪಾಳಿಗೆ ಹೋದ, ಕಾಲೇಜಿಗೆ ಹೋಗಬೇಕೆಂದವಳು ಗಾರ್ಮೆಂಟ್ಸಿಗೆ ಹೋದಳು. ಅವರಾರೂ ಆತ್ಮಕಥೆ ಬರೆಯಲಿಲ್ಲ. ದೊಡ್ಡ ಕಂಪನಿಯ ನಷ್ಟಕ್ಕೆ ಪುಸ್ತಕವಿದೆ, ಈ ನಷ್ಟಕ್ಕೆ ಯಾವ ಪುಸ್ತಕವೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಆಸೆಯನ್ನೇ ಬಿಡಿ ಎಂದು ಹೇಳಲು ನಾವು ಬಂದಿಲ್ಲ. ಬರ್ಲಿಯೋಜ್ ರಷ್ಯಾ ತಲುಪಿದ್ದು ಬಾಲ್ಜಾಕನ ಒಂದೂವರೆ ಲಕ್ಷದಿಂದಲ್ಲ, ಸ್ಯಾಕ್ಸನಂಥವರು ತಲಾ ಇಷ್ಟಿಷ್ಟು ಸೇರಿಸಿ ಕೊಟ್ಟ ಸಣ್ಣ ಸಾಲದಿಂದ. ಅದು ಕಣ್ಣಿಗೆ ಕಾಣುವ ಹಣ, ಹೆಸರು ಗೊತ್ತಿರುವ ಹಣ. ನಾಲ್ಕು ಜನ ಕೂಡಿ ನಡೆಸುವ ಸಹಕಾರ ಸಂಘದಲ್ಲಿ, ಸಂಘದ ಚಂದಾದಲ್ಲಿ ಇರುವುದು ಅಂಥ ಹಣವೇ. ಒಬ್ಬನ ಖರ್ಚಿನ ಕಾಲಂ ಒಬ್ಬನ ಕೊರಳು ಹಿಸುಕುತ್ತದೆ, ಅದೇ ಕಾಲಮನ್ನು ನೂರು ಜನ ಹಂಚಿಕೊಂಡರೆ ಒಬ್ಬನ ಹಾಡಾದರೂ ಉಳಿಯುತ್ತದೆ.

ನಾಳೆ ನಿಮ್ಮ ಬಾಗಿಲಿಗೆ ಯಾರಾದರೂ ಬಂದು ದೊಡ್ಡ ಮೊತ್ತವೊಂದನ್ನು ಹೇಳಬಹುದು. ಸೈಟಿನವನಿರಲಿ, ಚೀಟಿಯವನಿರಲಿ, ಗುಡ್ಡ ಕರಗಿಸಿ ಚಿನ್ನ ತೆಗೆಯುವ ಕಂಪನಿಯವನಿರಲಿ, ಓಟು ಕೇಳುವ ನಮ್ಮಂಥವರೇ ಇರಲಿ. ಮನೆಯ ಮಗುವಿನ ನೋಟ್‌ಬುಕ್ಕಿನಿಂದ ಒಂದು ಹಾಳೆ ತೆಗೆದು ನಡುವೆ ಗೆರೆ ಎಳೆಯಿರಿ. ಒಂದು ಕಡೆ ಆತ ಹೇಳಿದ ಅಂಕಿ ಬರೆಯಿರಿ, ಇನ್ನೊಂದು ಕಡೆ ಖರ್ಚು ಯಾರದು, ಧೂಳು ಯಾರ ಮೇಲೆ, ಕಾಗದದಲ್ಲಿ ಹೆಸರು ಯಾರದು ಎಂದು ಬರೆಸಿಕೊಳ್ಳಿ. ಆತನಿಂದಲೇ ಸಹಿ ಹಾಕಿಸಿ. ಸಹಿ ಹಾಕಲಾರೆ ಎಂದವನಿಗೆ ಒಂದು ಲೋಟ ಕಾಫಿ ಕೊಟ್ಟು ಮರ್ಯಾದೆಯಿಂದ ಕಳಿಸಿಬಿಡಿ.